ಸೌತೆಕಾಯಿ ಚಾಕುವಿನಲ್ಲಿ ಕುಯ್ದ ಕಾದಂಬರಿ

ಮೊನ್ನೆ ರಜೆಗೆ ಬಂದಿದ್ದ ಮೊಮ್ಮಗಳು ಚೈತ್ರ, ದೇವರ ಗೂಡಿನ ಪಕ್ಕದ ಹಲಗೆಯಿಂದ ಒಂದು ದಪ್ಪ ಪುಸ್ತಕ ಎಳೆದು, "ಅಜ್ಜಿ, ಇದನ್ಯಾಕೆ ರಾಗಿಚೀಲದ ಥರ ಗೋಣಿದಾರದಲ್ಲಿ ಹೊಲಿದಿದ್ದೀರ?" ಎಂದು ಕೇಳಿದಳು. "ಬಿಚ್ಚಿಹೋಗಿತ್ತು ಕಣಮ್ಮ" ಎಂದೆ. ಬಿಚ್ಚಿಹೋಗಿದ್ದೇನೋ ನಿಜ. ಆದರೆ ಬಿಚ್ಚಿದ್ದು ಹೇಗೆ, ಹೊಲಿದವರು ಯಾರು, ನಡುವೆ ಆದ ರಂಪವೇನು ಎಂಬುದನ್ನು ಬಾಯಿಬಿಟ್ಟು ಹೇಳಲು ಎಂದಿನಂತೆ ಸಂಕೋಚವಾಯಿತು. ಬರೆಯುವುದಾದರೆ ಕಷ್ಟವಿಲ್ಲ. ಎದುರಿಗೆ ಯಾರ ಮುಖವೂ ಇರುವುದಿಲ್ಲ, ನಡುವೆ ಯಾರೂ "ಆಮೇಲೆ?" ಅನ್ನುವುದಿಲ್ಲ. ಆದ್ದರಿಂದ ಮಕ್ಕಳೇ, ನೀವೆಲ್ಲ ಒಟ್ಟಿಗೆ ಕೂತು ಓದಿಕೊಳ್ಳಿ.

ನನ್ನ ಸಂಕೋಚ ಇಂದು ನಿನ್ನೆಯದಲ್ಲ. ಊರಿನ ಸ್ಕೂಲಿನಲ್ಲಿ ಏಳನೇ ಕ್ಲಾಸಿನವರೆಗೆ ಓದಿದೆ. ಮೇಷ್ಟ್ರು ಹಾಜರಿ ಕೂಗುವಾಗ "ಬಂದಿದೀನಿ ಸಾರ್" ಎನ್ನುವ ಧೈರ್ಯ ನನಗಿರಲಿಲ್ಲ. ಪಕ್ಕದ ಹುಡುಗಿ ನನ್ನ ಪರವಾಗಿ ಹೇಳುತ್ತಿದ್ದಳು. ಅವಳು ಬಾರದ ದಿನ ನಾನು ಮೊದಲ ಸಾಲಿನಲ್ಲಿ ಕೂತೇ ಗೈರುಹಾಜರಾಗಿದ್ದೇನೆ. ನಿಮ್ಮ ತಾತ ಬದುಕಿದ್ದಾಗ, "ಇವಳ ಜೊತೆ ಜಗಳ ಆಡೋದೂ ಒಂದೇ, ಗೋಡೆಗೆ ಚೆಂಡು ಎಸೆಯೋದೂ ಒಂದೇ. ಗೋಡೆ ಆದ್ರೂ ವಾಪಸ್ ಎಸೀತದೆ" ಅನ್ನುತ್ತಿದ್ದರು. ಅವರು ಹೋದ ಮೇಲಂತೂ ಮನೆಯಲ್ಲಿ ಹಸು ಗೌರಿಗೆ "ಜರುಗು" ಅನ್ನುವುದೇ ನನ್ನ ದಿನದ ದೊಡ್ಡ ಭಾಷಣವಾಗಿತ್ತು.

ನನ್ನ ಪಾಲಿನ ಮಾತನ್ನೂ ಸೇರಿಸಿ ಆಡಲು ನನಗೆ ಮೂವರು ಅಕ್ಕತಂಗಿಯರಿದ್ದಾರೆ. ನಮ್ಮಪ್ಪ ನಾಲ್ಕು ಹೆಣ್ಣುಮಕ್ಕಳನ್ನು ನಾಲ್ಕು ತಾಲ್ಲೂಕಿಗೆ ಹಂಚಿದರು. ದೊಡ್ಡಕ್ಕ ನಾಗಮಂಗಲದ ಕಡೆ. ಚಿಕ್ಕಕ್ಕ ಕೆ.ಆರ್. ಪೇಟೆಯಲ್ಲಿ ಎಮ್ಮೆ ಸಾಕಿಕೊಂಡಿದ್ದಾಳೆ. ನಾನು ಪಾಂಡವಪುರದವಳು. ಕೊನೆಯವಳು ಶ್ರೀರಂಗಪಟ್ಟಣದಲ್ಲಿ ದಿನಸಿ ಅಂಗಡಿಯವರ ಮನೆ ಸೇರಿದಳು. ಅವಳಿಗೂ ಈಗ ಮಂಡಿನೋವು ಬಂದಿದೆ, ಆದರೂ ನಮಗೆಲ್ಲ ಅವಳು ಪುಟ್ಟಿಯೇ.

ಹಂಚಿಕೆ ಎಂದಾಗ ನಮ್ಮವ್ವನ ಕಾನೂನೊಂದನ್ನು ಹೇಳಲೇಬೇಕು. ಅಪ್ಪನಿಗೆ ಆಲೆಮನೆ ಇತ್ತು. ಬೆಲ್ಲ ಇಳಿದ ದಿನ ಒಂದು ಬಿಸಿ ಬಿಸಿ ಉಂಡೆ ನಮ್ಮ ನಾಲ್ವರಿಗೆ. ಅದಕ್ಕೆ ನಾಲ್ಕು ಮನೆ ಕೇಳುವಷ್ಟು ಜಗಳ. ಅವ್ವ ಚಾಕುವನ್ನು ದೊಡ್ಡಕ್ಕನ ಕೈಗೆ ಕೊಟ್ಟು, "ಕುಯ್ಯೋಳು ನೀನು, ತಗೊಳ್ಳೋಳು ಕೊನೇಲಿ" ಅಂದಳು. ಚಿಕ್ಕವಳು ಮೊದಲು ಆರಿಸಿಕೊಳ್ಳಬೇಕು, ಕುಯ್ದವಳಿಗೆ ಉಳಿದದ್ದು. ಆ ದಿನದಿಂದ ದೊಡ್ಡಕ್ಕ ಕುಯ್ದ ಬೆಲ್ಲವನ್ನು ತಕ್ಕಡಿಗೆ ಹಾಕಿದರೂ ಮುಳ್ಳು ಅಲುಗುತ್ತಿರಲಿಲ್ಲ. ಬೆಲ್ಲದ ಮಟ್ಟಿಗೆ ಅದು ಬಹಳ ಒಳ್ಳೆಯ ಕಾನೂನು.

ಹೋದ ಬೇಸಿಗೆಯಲ್ಲಿ ನೆಂಟರ ಗೃಹಪ್ರವೇಶ ಮುಗಿಸಿಕೊಂಡು ನಾಲ್ವರೂ ಬೆಳ್ಳೂರು ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಅಲ್ಲಿ ಪೇಪರ್ ಅಂಗಡಿಯ ಹಗ್ಗಕ್ಕೆ ಹಳೆಯ ಪುಸ್ತಕಗಳನ್ನು ನೇತುಹಾಕಿದ್ದರು. ಒಂದು ಪುಸ್ತಕ ಮಾತ್ರ ತೂಕಕ್ಕೆ ಹಗ್ಗ ತಡೆಯದೆ ಕೆಳಗೆ ಕೂತಿತ್ತು. ಮುಖಪುಟದಲ್ಲಿ ಬಂಗಲೆ, ಬಂಗಲೆಯ ಕಿಟಕಿಯಲ್ಲಿ ಒಂದು ಕೈ, ಕೈಯಲ್ಲಿ ಹಾಲಿನ ಲೋಟ. ಪತ್ತೇದಾರಿ ಕಾದಂಬರಿ. ನಾಲ್ವರಿಗೂ ಒಮ್ಮೆಗೇ ಬಾಯಲ್ಲಿ ನೀರೂರಿತು. ಎಲ್ಲರೂ ಸೇರಿ ಕೊಂಡೆವು. ಕೊಂಡ ಮೇಲೆ ಶುರುವಾಯಿತು.

"ಮೊದ್ಲು ನಂಗೆ. ಕಂಡಿದ್ದೇ ನಾನು" ಎಂದಳು ಪುಟ್ಟಿ.

"ನಿನ್ ಕೈಗ್ ಕೊಟ್ರೆ ಹಾಳೆ ಹರ್ದು ಕಡ್ಲೆಪುರಿ ಕಟ್ಬುಡ್ತೀಯ" ಎಂದಳು ಚಿಕ್ಕಕ್ಕ.

"ನಿನ್ ಮನೇಲಾದ್ರೆ ಎಮ್ಮೆ ತಿಂದ್ಬುಡ್ತದೆ!"

"ಬಾಯ್ ಮುಚ್ರಮ್ಮಿ ಇಬ್ರೂವೆ" ಎಂದ ದೊಡ್ಡಕ್ಕ, ಪಕ್ಕದಲ್ಲಿ ಸೌತೆಕಾಯಿ ಮಾರುತ್ತಿದ್ದವನ ಕಡೆ ತಿರುಗಿ, "ಮಗಾ, ಆ ಚಾಕು ಕೊಡ್ಲಾ ಇಲ್ಲಿ" ಎಂದಳು.

"ನಾನೇ ಕುಯ್ಕೊಡ್ತೀನಿ ಬುಡಿ ಅಜ್ಜಿ."

"ನೀನ್ ಕುಯ್ಯೋದು ಸೌತೆಕಾಯ. ನಂದು ಬ್ಯಾರೆ ಅದೆ."

ನೋಡನೋಡುತ್ತಿದ್ದಂತೆ ಪುಸ್ತಕದ ಬೆನ್ನಿಗೆ ಉಪ್ಪು ಖಾರ ಮೆತ್ತಿದ ಚಾಕು ಇಳಿಯಿತು. ದೊಡ್ಡಕ್ಕ ಕಣ್ಣು ಕೂಡ ಮಿಟುಕಿಸದೆ, ಬರೀ ಹೆಬ್ಬೆರಳಿನಲ್ಲಿ ದಪ್ಪ ಅಳೆದು ಅಳೆದು, ಕಾದಂಬರಿಯನ್ನು ನಾಲ್ಕು ಪಾಲು ಮಾಡಿದಳು. ಸೌತೆಕಾಯಿಯವನು ಬಾಯಿಬಿಟ್ಟುಕೊಂಡು ನೋಡುತ್ತಿದ್ದ. ಅವ್ವನ ಕಾನೂನಿನಂತೆ ಪುಟ್ಟಿ ಮೊದಲು ಆರಿಸಿದಳು, ಮೊದಲ ಭಾಗ. ನನಗೆ ಎರಡನೆಯದು, ಚಿಕ್ಕಕ್ಕನಿಗೆ ಮೂರನೆಯದು. ಓದಿ ಮುಗಿಸಿ ಬಸ್ಸಿನಲ್ಲಿ ಒಬ್ಬರಿಂದೊಬ್ಬರಿಗೆ ಕಳಿಸುವುದು ಎಂದು ಮಾತಾಯಿತು. ಬಸ್ಸು ಹತ್ತಿ ಊರಿನ ಅರ್ಧ ದಾರಿಗೆ ಬಂದ ಮೇಲೆ ನನಗೆ ಹೊಳೆಯಿತು. ಬೆಲ್ಲದಲ್ಲಿ ಮೊದಲ ತುಂಡೂ ಒಂದೇ, ಕೊನೆಯ ತುಂಡೂ ಒಂದೇ. ಕೊಲೆಯ ಕಥೆಯಲ್ಲಿ ಹಾಗಲ್ಲ. ಕೊಲೆಗಾರ ಇರುವುದು ಕೊನೆಯ ತುಂಡಿನಲ್ಲಿ, ಅದನ್ನು ದೊಡ್ಡಕ್ಕ ನ್ಯಾಯವಾಗಿಯೇ ಸೆರಗಿನಲ್ಲಿ ಸುತ್ತಿಕೊಂಡು ನಾಗಮಂಗಲದ ಬಸ್ಸು ಹತ್ತಿದ್ದಳು! ಹೊಳೆದದ್ದನ್ನು ಯಾರಿಗೂ ಹೇಳಲಿಲ್ಲ. ಹೇಳುವ ಅಭ್ಯಾಸವಿದ್ದರೆ ತಾನೆ.

ಪುಟ್ಟಿಗೆ ಫೋನಿನಲ್ಲಿ ನಾಲ್ವರನ್ನೂ ಒಟ್ಟಿಗೆ ಸೇರಿಸುವ ವಿದ್ಯೆ ಗೊತ್ತು. ದಿನಾ ಮಧ್ಯಾಹ್ನ ಉಂಡು, ಪಾತ್ರೆ ತೊಳೆದ ಮೇಲೆ ನಮ್ಮ ಸಭೆ. ನನ್ನ ಭಾಗ ಶುರುವಾಗುತ್ತಿದ್ದದ್ದೇ "ಎಂದು ಹೇಳಿ ಅವನು ಬಾಗಿಲು ಹಾಕಿಕೊಂಡನು" ಎಂಬ ಅರ್ಧ ವಾಕ್ಯದಿಂದ. ಅವನು ಯಾರು? ಗೊತ್ತಿಲ್ಲ. ಗಿರಣಿ ಯಜಮಾನರು ವಿಷ ಕುಡಿದು ಸತ್ತಿದ್ದಾರೆಂದು ಪುಟ್ಟಿ ಹೇಳುವವರೆಗೆ, ಈ ಬಾಗಿಲು ಹಾಕಿಕೊಂಡವನೇ ಯಜಮಾನ ಎಂದುಕೊಂಡು ಓದಿದೆ. ಪುಟ್ಟಿಯ ಭಾಗದಲ್ಲಿ ಡಾಕ್ಟರು ದೇವರಂಥ ಮನುಷ್ಯ. ಚಿಕ್ಕಕ್ಕನ ಭಾಗದಲ್ಲಿ ಅದೇ ಡಾಕ್ಟರು ಜೈಲಿನಲ್ಲಿದ್ದ. ಇಬ್ಬರೂ ಅವನ ನಡತೆಯ ಬಗ್ಗೆ ಒಂದು ವಾರ ಕಚ್ಚಾಡಿದರು.

ನನ್ನ ಭಾಗದಲ್ಲಿ ರಾಜು ಎಂಬುವನು ವಿಷದ ಹಾಲು ಕುಡಿದು ಸಾಯುತ್ತಾನೆ. ಪಾಪ, ಎಷ್ಟು ನಂಬಿಕಸ್ಥ, ಯಜಮಾನರ ಖಾಲಿ ಕುರ್ಚಿಯ ಬಳಿಯೇ ಪ್ರಾಣ ಬಿಟ್ಟ ಎಂದು ನನಗೆ ಊಟ ಸೇರಲಿಲ್ಲ. ಧೈರ್ಯ ಮಾಡಿ ಪುಟ್ಟಿಯನ್ನು ಕೇಳಿದೆ, "ರಾಜುಗೆ ಎಂಡ್ತಿ ಮಕ್ಕಳು ಇದ್ರಾ?"

"ರಾಜು ಅಂದ್ರೆ ನಾಯಿ ಕಣಕ್ಕ! ಮೊದ್ಲನೇ ಪುಟದಲ್ಲೇ ಅದೆ."

ಆಮೇಲೆ ಎರಡು ದಿನ ನಾನು ಸಭೆಗೆ ಹೋಗಲಿಲ್ಲ.

ಭಾಗಗಳು ಓಡಾಡತೊಡಗಿದ ಮೇಲೆ ಸಭೆಗೆ ಐದನೆಯ ಓದುಗನೊಬ್ಬ ಸೇರಿದ. ನಮ್ಮೂರ ಮೇಲೆ ಹೋಗುವ ಬಸ್ಸಿನ ಕಂಡಕ್ಟರು. ಕೆ.ಆರ್. ಪೇಟೆಯಿಂದ ಮೂರನೆಯ ಭಾಗವನ್ನು ಕರಿಬೇವಿನ ಚೀಲದ ಜೊತೆ ತಂದವನು ಚೀಲ ಮಾತ್ರ ಇಳಿಸಿದ. "ಪುಸ್ತಕ ಎಲ್ಲಪ್ಪಾ?" ಎಂದರೆ, "ಇನ್ನೊಂದು ಟ್ರಿಪ್ ಅಜ್ಜಿ, ಅಡುಗೆಯವನ ಪೆಟ್ಟಿಗೆ ತೆಗಿಸ್ತಾವ್ರೆ, ಒಳಗೇನೈತೆ ನೋಡ್ಕೊಂಡು ಕೊಟ್ಬುಡ್ತೀನಿ" ಎಂದು ವಿಶಲ್ ಊದಿಬಿಟ್ಟ. ಮರುದಿನ ಇಳಿಸುವಾಗ ಕಿಟಕಿಯಿಂದಲೇ, "ಪೆಟ್ಟಿಗೇಲಿ ಏನೂ ಇಲ್ಲ ಅಜ್ಜಿ, ಬರೀ ಮೋಸ! ಬಲೇ ಎಳ್ದವ್ನೆ ಕತೆಯ. ಕೊನೇ ಭಾಗ ಯಾವ್ ಬಸ್ಸಲ್ಲಿ ಬತ್ತದೆ?" ಎಂದ.

ಅದೇ ನಮ್ಮೆಲ್ಲರ ಪ್ರಶ್ನೆ. ಕೊನೆಯ ಭಾಗ ನಾಗಮಂಗಲ ಬಿಟ್ಟು ಕದಲುತ್ತಿರಲಿಲ್ಲ. ಕೇಳಿದರೆ ದೊಡ್ಡಕ್ಕ, "ಎರಡನೇ ಸಲ ಓದ್ತಾ ಇವ್ನಿ, ತಡೀರಿ" ಅನ್ನುತ್ತಿದ್ದಳು. ಪುಟ್ಟಿ ಬೇರೆಯಾಗಿ ಫೋನ್ ಮಾಡಿ ಕಾಡಿದಾಗ, ಕೊಂದವನು ಡಾಕ್ಟರು ಎಂದು ಗುಟ್ಟಾಗಿ ಹೇಳಿದಳಂತೆ. ಚಿಕ್ಕಕ್ಕನಿಗೆ ಅಡುಗೆಯವನು ಎಂದು ಹೇಳಿದಳು. ನನಗೆ, ಯಜಮಾನರ ಎರಡನೇ ಹೆಂಡತಿ ಎಂದಳು. ಮೂವರೂ ತಾಳೆ ಹಾಕಿ ಹಿಡಿದಾಗ, "ನಿಮ್ ಬಾಯಲ್ಲಿ ಗುಟ್ಟು ನಿಲ್ತದಾ ಅಂತ ಪರೀಕ್ಸೆ ಮಾಡ್ದೆ ಕಣಮ್ಮಿ, ಮೂರೂ ಜನ ಫೇಲು" ಎಂದು ನಕ್ಕಳು.

ಈ ಕಥೆಯಲ್ಲಿ ಸುಭದ್ರಮ್ಮ ಎಂಬಾಕೆ ಬರುತ್ತಾಳೆ. ಯಜಮಾನರ ಸತ್ತ ತಮ್ಮನ ಹೆಂಡತಿ, ಬಂಗಲೆಯ ಹಿಂದಿನ ಕೋಣೆಯಲ್ಲಿರುವವಳು. ಪ್ರತಿ ಅಧ್ಯಾಯದಲ್ಲೂ ಕಾಫಿ ತರುತ್ತಾಳೆ, ಇಡುತ್ತಾಳೆ, ಹೋಗುತ್ತಾಳೆ. ಇನ್ಸ್‌ಪೆಕ್ಟರು ಮನೆಯ ಬೆಕ್ಕನ್ನೂ ಬಿಡದೆ ವಿಚಾರಿಸುತ್ತಾನೆ, ಅವಳನ್ನು ಮಾತ್ರ "ಇಡಮ್ಮ ಅಲ್ಲಿ" ಎಂದು ಕಳಿಸುತ್ತಾನೆ. ಎಲ್ಲ ಕೋಣೆಗೂ ಹೋಗಿ ಬರುವವಳು ಅವಳೊಬ್ಬಳೇ ಎಂಬುದು ಇನ್ಸ್‌ಪೆಕ್ಟರಿಗೂ ಹೊಳೆಯಲಿಲ್ಲ, ನನ್ನ ಅಕ್ಕತಂಗಿಯರಿಗೂ ಹೊಳೆಯಲಿಲ್ಲ. ನನಗೆ ಹೊಳೆಯಿತು, ಯಾಕೆಂದರೆ ಎಷ್ಟೋ ಮದುವೆ ಮನೆಗಳಲ್ಲಿ ನಾನೂ ಹಾಗೇ ಕಾಫಿ ತಟ್ಟೆ ಹಿಡಿದು ಕೋಣೆ ಕೋಣೆ ಸುತ್ತಿದ್ದೇನೆ. ತಟ್ಟೆ ಹಿಡಿದವಳ ಮುಂದೆ ಜನ ಏನು ಬೇಕಾದರೂ ಮಾತಾಡುತ್ತಾರೆ.

ಒಂದು ಮಧ್ಯಾಹ್ನ ಸಭೆಯಲ್ಲಿ ಡಾಕ್ಟರು, ಅಡುಗೆಯವನು, ಎರಡನೇ ಹೆಂಡತಿ ಎಲ್ಲರೂ ಬಂದು ಹೋದ ಮೇಲೆ ನಾನು "ಸುಭದ್ರಮ್ಮ" ಎಂದೆ.

"ಯಾರ್ ಮಾತಾಡಿದ್ದು?" ಎಂದಳು ಚಿಕ್ಕಕ್ಕ.

"ನಾನು, ಸಾವಿತ್ರಿ. ಕೊಂದಿರೋಳು ಸುಭದ್ರಮ್ಮ."

ಮೂವರೂ ಒಟ್ಟಿಗೆ ನಕ್ಕ ನಗುವಿಗೆ ಹೊರಗೆ ಗೌರಿ ಕಿವಿ ನೆಟ್ಟಗೆ ಮಾಡಿದಳು. "ಆ ಕಾಪಿ ತರೋ ಯೆಂಗ್ಸಾ?" ಎಂದಳು ದೊಡ್ಡಕ್ಕ. "ಗಂಡ ಇಲ್ದೋಳು, ಮೂಲೇಲಿ ಬಿದ್ದವ್ಳೆ. ಬಾಯೇ ಇಲ್ಲ ಕಣಮ್ಮಿ ಅವಳ್ಗೆ. ಬಾಯಿಲ್ದೋಳು ಕೊಲೆ ಮಾಡಾಳಾ?"

"ಕೊಲೆ ಮಾಡಕ್ಕೆ ಬಾಯಿ ಯಾಕ್ ಬೇಕು?" ಎಂದೆ.

ಎಲ್ಲಿಂದ ಬಂತೋ ಆ ಮಾತು. ಸುಭದ್ರಮ್ಮನ ಪರವಾಗಿ ನನಗೆ ಕೋಪ ಬಂದಿತ್ತು. ಅವಳು ಕೊಂದಿಲ್ಲ ಅಂದರೆ ಬೇಸರವಿಲ್ಲ, ಕೊಲ್ಲಲಾರಳು ಅಂದರಲ್ಲ, ಅದು ತಡೆಯಲಿಲ್ಲ.

"ಓಹೋ!" ಎಂದಳು ದೊಡ್ಡಕ್ಕ. "ಅಂಗಾರೆ ಪಂಥ ಕಟ್ಟು. ನಮ್ ಮನೇಲಿ ಮರಿಮಗೀನ ನಾಮಕರಣ ಬತ್ತಾ ಅದೆ. ಸುಭದ್ರಮ್ಮ ಅಲ್ದೆ ಇದ್ರೆ ನೀನು ತೊಟ್ಲು ಮುಂದೆ ಮೈಕಲ್ಲಿ ಪದ ಯೋಳ್ಬೇಕು."

"ಅವಳೇ ಆದ್ರೆ, ಅವತ್ತು ಇಡೀ ದಿನ ನೀನ್ ಬಾಯಿ ಬುಡಂಗಿಲ್ಲ" ಎಂದೆ.

ಫೋನ್ ಇಟ್ಟೆ. ಪುಟ್ಟಿ ಮತ್ತೆ ಫೋನ್ ಮಾಡಿ, "ಏನಕ್ಕ ನೀನು, ಉತ್ತರ ಮಡಿಲಲ್ಲಿ ಇಟ್ಕೊಂಡು ಕುಂತಿರೋಳ ಜೊತೆ ಪಂಥ ಕಟ್ತಾರಾ? ಗೆಲ್ತೀನಿ ಅಂತ ಗೊತ್ತಿಲ್ದೆ ಅವಳು ಕಟ್ತಾಳಾ?" ಎಂದಳು. ಅದೂ ನಿಜವೇ. ಸುಭದ್ರಮ್ಮ ನಿರಪರಾಧಿ ಎಂದು ಅವತ್ತೇ ನಾನು ಮನಸ್ಸಿನಲ್ಲಿ ಒಪ್ಪಿಕೊಂಡೆ. ನಿಮ್ಮ ತಾತ ಹೋದ ಮೇಲೆ ಶುಭಕಾರ್ಯಗಳಲ್ಲಿ ಹಿಂದಿನ ಗೋಡೆಗೆ ಒರಗಿ ಕೂರುವುದು ನನ್ನ ಪದ್ಧತಿ. ಯಾರೂ ಹೇಳಿದ್ದಲ್ಲ, ನಾನೇ ಹುಡುಕಿಕೊಂಡ ಗೋಡೆ. ಅಲ್ಲಿಂದ ಎದ್ದು ಮೈಕಿನ ಮುಂದೆ ಹೋಗಬೇಕು! ಅವ್ವ ಹೇಳುತ್ತಿದ್ದ ತೊಟ್ಟಿಲ ಪದವನ್ನು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಾ ಗುನುಗಿ ಅಭ್ಯಾಸ ಮಾಡಿದೆ. ಮೊದಲ ದಿನ ಗೌರಿ ಕಾಲೆತ್ತಿದಳು. ಆಮೇಲೆ ಸಹಿಸಿಕೊಂಡಳು.

ನಾಮಕರಣದ ಹಿಂದಿನ ದಿನ ಬೆಳಿಗ್ಗೆಯೇ ನಾಗಮಂಗಲದ ಬಸ್ಸು ಹಿಡಿದೆ. ದೊಡ್ಡಕ್ಕನ ಸೊಸೆ ಗೀತಾ ಹಿತ್ತಲಲ್ಲಿ ಪಾತ್ರೆ ಎಣಿಸುತ್ತಿದ್ದಳು. ದೊಡ್ಡಕ್ಕನ ಕೋಣೆಯಲ್ಲಿ, ದಿಂಬಿನ ಕೆಳಗೆ, ಟವೆಲ್ಲಿನಲ್ಲಿ ಸುತ್ತಿದ ಕೊನೆಯ ಭಾಗ ಇತ್ತು. "ತಗೊ, ನೋಡ್ಕೊ, ನಾಳೆ ನಿನ್ ಕಚೇರಿ ಗ್ಯಾರಂಟಿ" ಎಂದು ಅವಳೇ ಕೊಟ್ಟಳು. ಬಿಚ್ಚಿದೆ. ಮೊದಲ ಎರಡು ಹಾಳೆಗಳ ನಡುವೆ ಒಂದು ಸೌತೆಬೀಜ. ಬೆಳ್ಳೂರು ಕ್ರಾಸಿನ ಬೀಜ, ಒಣಗಿ, ಎರಡೂ ಹಾಳೆಗಳನ್ನು ಗೋಂದು ಹಾಕಿದಂತೆ ಅಂಟಿಸಿ ಹಿಡಿದಿತ್ತು.

ಇಷ್ಟು ದಿನ ಇನ್ಸ್‌ಪೆಕ್ಟರ ಸಹವಾಸ ಮಾಡಿದವಳಿಗೆ ಅಷ್ಟು ಸಾಕು. "ಅಕ್ಕ, ನೀನು ಇದನ್ನ ಓದೇ ಇಲ್ಲ."

"ಓದಿಲ್ದೆ? ಎರಡ್ಸಲ ಓದಿವ್ನಿ!"

"ಅಂಗಾರೆ ಈ ಬೀಜ ಎಂಗ್ ಇನ್ನೂ ಅಂಟ್ಕೊಂಡದೆ?"

"ಯಾವ್ ಬೀಜ?" ಎಂದು ಅವಳು ಬಗ್ಗಿ, ಬೀಜವಿಲ್ಲದ ಜಾಗದಲ್ಲಿ ಬೆರಳಾಡಿಸಿದಳು. ಆ ಬೆರಳನ್ನು ಹಿಡಿದುಕೊಂಡೆ.

"ಯಾವಾಗ್ನಿಂದ ಅಕ್ಕ?"

"ಹೋದ್ ವರ್ಸದ ರಾಗಿ ಕುಯ್ಲಿಂದ" ಎಂದಳು ಮೆಲ್ಲಗೆ. "ಮನುಸ್ರು ಮಬ್ಬುಮಬ್ಬಾಗಿ ಕಾಣ್ತಾರೆ. ಅಕ್ಸರ ಮಾತ್ರ ಇರುವೆ ಸಾಲಂಗೆ ಒಂಟೋಯ್ತವೆ. ಗೀತಂಗೆ ಬಾಯ್ ಬುಟ್ಟೀಯ, ಜೋಕೆ. ಒಲೆ ತಾವ ಬುಡಕಿಲ್ಲ ಅವಳು. ಆಪರೇಸನ್ನು ಅಂತಾರೆ, ನಂಗ್ ಭಯ."

"ಓದಕ್ಕಾಗ್ದೋಳು ಕೊನೇ ಭಾಗ ಯಾಕ್ ಇಟ್ಕೊಂಡೆ?"

"ಅದು ನನ್ ತಾವ ಇದ್ರೆ ತಾನೆ ನೀವ್ ಮೂರೂ ಜನ ದಿನಾ ಫೋನ್ ಮಾಡೋದು? ಕತೆ ನೀವೇ ಯೋಳ್ತಿದ್ರಿ. ನಂಗ್ ಓದೋ ಕೆಲ್ಸವೇ ಇರ್ನಿಲ್ಲ."

ಅವಳೂ ನನ್ನ ಹಾಗೇ ಕಣ್ಣು ಮುಚ್ಚಿಕೊಂಡು ಪಂಥ ಕಟ್ಟಿದ್ದಳು! ಇಬ್ಬರೂ ಹಿತ್ತಲಿನ ತೆಂಗಿನಕಾಯಿ ರಾಶಿಯ ಮರೆಗೆ ಹೋಗಿ ಕೂತೆವು. ನಾನು ಬೀಜ ಬಿಡಿಸಿ ಗಟ್ಟಿಯಾಗಿ ಓದತೊಡಗಿದೆ. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಇನ್ಸ್‌ಪೆಕ್ಟರು ಎಲ್ಲರನ್ನೂ ಹಜಾರದಲ್ಲಿ ಕೂರಿಸಿ, ಕಾಫಿ ತಂದವಳ ಕಡೆ ತಿರುಗಿ, "ನೀವೇ ಅಲ್ಲವೇ?" ಎಂದ.

ಸುಭದ್ರಮ್ಮ ತಟ್ಟೆ ಕೆಳಗಿಟ್ಟಳು. ಎಷ್ಟು ವರ್ಷ ಈ ಬಾಗಿಲ ಹಿಂದೆ ನಿಂತಿದ್ದೆ, ಯಾರಾದರೂ ತಿರುಗಿ ನೋಡಿದಿರಾ ಎಂದಳು. ನನ್ನ ಗಂಡನ ಪಾಲನ್ನು ಯಜಮಾನರು ನುಂಗಿದಾಗ ನಾನು ಇದೇ ಕೋಣೆಯಲ್ಲಿ ಇದೇ ತಟ್ಟೆ ಹಿಡಿದು ನಿಂತಿದ್ದೆ, ನನ್ನ ಮುಂದೆಯೇ ಲೆಕ್ಕ ಹಾಕಿದರು ಎಂದಳು. ನೀವೆಲ್ಲ ಕುಡಿದ ಕಾಫಿಗೆ ಸಕ್ಕರೆ ಎಷ್ಟು ಎಂದು ನನಗೆ ಗೊತ್ತು, ನನ್ನ ಊಟ ಆಯಿತಾ ಎಂದು ನಿಮ್ಮಲ್ಲಿ ಒಬ್ಬರಿಗಾದರೂ ಗೊತ್ತಾ ಎಂದಳು. ಮಾತಾಡದವಳಿಗೆ ಮಾತೇ ಇಲ್ಲ ಅಂದುಕೊಂಡಿರಿ ಎಂದಳು. ದೊಡ್ಡಕ್ಕ ಮಂಡಿ ತಬ್ಬಿಕೊಂಡು ಕೂತಿದ್ದವಳು ಸೆರಗಿನಲ್ಲಿ ಮೂಗೊರೆಸಿಕೊಂಡಳು. "ಅದ್ನ ಇನ್ನೊಂದ್ಸಲ ಓದು" ಎಂದಳು. ಓದಿದೆ. ಎರಡನೇ ಸಲ ಇನ್ನೂ ಸ್ವಲ್ಪ ಚೆನ್ನಾಗಿ ಬಂತು.

"ಗೆದ್ಬುಟ್ಟೆ ಕಣಮ್ಮಿ" ಎಂದಳು ದೊಡ್ಡಕ್ಕ. "ನಾಳೆ ಪೂರ್ತಿ ಬಾಯಿ ಬುಡಂಗಿಲ್ವಾ? ನೆಂಟ್ರು ಬತ್ತಾರಲ್ಲೇ!"

ಮಾತಿಗೆ ತಪ್ಪುವವಳಲ್ಲ ಅವಳು. ಬೆಳಿಗ್ಗೆ ಎದ್ದಾಗಿನಿಂದ ತುಟಿ ಹೊಲಿದಂತೆ ಕೂತಳು. ಹೂವಿನವನಿಗೆ ಬೈಯಲಿಲ್ಲ, ಅಡುಗೆಯವರಿಗೆ ಉಪ್ಪು ಹೇಳಲಿಲ್ಲ. ಮನೆಯಲ್ಲಿ ಗಾಬರಿ ಶುರುವಾಯಿತು. ಒಬ್ಬರು ದೃಷ್ಟಿ ತೆಗೆದರು, ಒಬ್ಬರು ನಿಂಬೆ ಶರಬತ್ತು ತಂದರು. ವಿಷಯ ತಿಳಿದಿದ್ದ ಚಿಕ್ಕಕ್ಕ ಮತ್ತು ಪುಟ್ಟಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಉಗ್ರಾಣಕ್ಕೆ ಓಡಿದರು. ಗೀತಾ ಕಣ್ಣಲ್ಲಿ ನೀರು ತುಂಬಿಕೊಂಡು ನನ್ನ ಬಳಿ ಬಂದು, "ಚಿಕ್ಕತ್ತೆ, ಅತ್ತೆಗೆ ಏನಾಗದೆ?" ಎಂದಳು.

ಇಂಥ ಅವಕಾಶ ಜನ್ಮದಲ್ಲಿ ಒಮ್ಮೆ ಸಿಗುತ್ತದೆ. ದೊಡ್ಡಕ್ಕನ ಎದುರಿಗೇ ನಿಂತು, ಕಣ್ಣು, ರಾಗಿ ಕುಯ್ಲು, ಇರುವೆ ಸಾಲು, ಸೌತೆಬೀಜ, ಎಲ್ಲವನ್ನೂ ಗೀತಾಳಿಗೆ ಹೇಳಿಬಿಟ್ಟೆ. ದೊಡ್ಡಕ್ಕ ಅಲ್ಲಗಳೆಯುವಂತಿಲ್ಲ, ಬೈಯುವಂತಿಲ್ಲ. ಕೆಂಡದಂಥ ಕೋಪದಲ್ಲಿ ನನ್ನನ್ನು ದುರುಗುಟ್ಟಿಕೊಂಡು ನೋಡಿದಳು. ನೋಡಿದ್ದು ನನ್ನನ್ನಲ್ಲ, ನನ್ನ ಪಕ್ಕದ ಕಂಬವನ್ನು. ಗೀತಾಳಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. "ನಾಮಕರಣ ಮುಗೀಲಿ, ಕಣ್ಣಿನ ಆಸ್ಪತ್ರೆಗೇ ಹೊರಡೋದು" ಎಂದು ಅಲ್ಲೇ ತೀರ್ಮಾನವಾಯಿತು.

ಗೆದ್ದ ಖುಷಿಯಲ್ಲಿ ನನ್ನ ಗೋಡೆ ಹುಡುಕಿಕೊಂಡು ಕೂತೆ. ಮಗುವಿನ ಕಿವಿಯಲ್ಲಿ ಹೆಸರು ಹೇಳಿದ್ದಾಯಿತು, ತೊಟ್ಟಿಲಿಗೆ ಹಾಕಿದ್ದಾಯಿತು. ಶಾಮಿಯಾನದವರು ಮೈಕು ತಂದಿಟ್ಟರು. ಎಲ್ಲರೂ ಸುಮ್ಮನಾದರು. ಆಗ ನೆನಪಾಯಿತು ನನಗೆ. ನಮ್ಮ ಮನೆತನದಲ್ಲಿ ತೊಟ್ಟಿಲ ಪದ ಹೇಳುವವಳು ಯಾವಾಗಲೂ ದೊಡ್ಡಕ್ಕನೇ. ಚಿಕ್ಕಕ್ಕನಿಗೆ ಪದ ಬಾರದು, ಪುಟ್ಟಿಗೆ ರಾಗ ಬಾರದು. ದೊಡ್ಡಕ್ಕನ ಬಾಯಿಗೆ ಬೀಗ ಹಾಕಿದವಳು ನಾನು.

ದೊಡ್ಡಕ್ಕ ಎದ್ದಳು. ಗೋಡೆ ತಡವುತ್ತಾ ತಡವುತ್ತಾ ಬಂದು, ನಾನು ಕೂರುವ ಜಾಗ ಅವಳಿಗೆ ಕಣ್ಣಿಲ್ಲದೆಯೂ ಗೊತ್ತು, ನನ್ನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ ತೊಟ್ಟಿಲ ಮುಂದೆ ನಿಲ್ಲಿಸಿದಳು. ಮೈಕನ್ನು ನನ್ನ ಕಡೆ ತಿರುಗಿಸಿದಳು. ತುಟಿ ಮಾತ್ರ ಬಿಚ್ಚಲಿಲ್ಲ. ಆದರೆ ಆ ಮುಖದಲ್ಲಿ ಎಷ್ಟು ನಗು ಇತ್ತೆಂದು ಹೇಳಲಾರೆ.

ಕಣ್ಣು ಮುಚ್ಚಿ, ಎದುರಿಗೆ ಗೌರಿ ಇದ್ದಾಳೆ ಎಂದುಕೊಂಡು ಶುರು ಮಾಡಿದೆ. ಮೊದಲ ಸಾಲು ನಡುಗಿತು. ಎರಡನೆಯದಕ್ಕೆ ಅವ್ವ ನೆನಪಾದಳು. ಆಮೇಲೆ ನಿಲ್ಲಿಸುವುದೇ ಕಷ್ಟವಾಯಿತು. ಹಿಂದಿನಿಂದ ಯಾರೋ ಮುದುಕಿ, "ಯಾರಮ್ಮ ಅದು ಪದ ಯೋಳ್ತಿರೋಳು?" ಎಂದಳು. "ಪಾಂಡವಪುರದೋಳು, ಸಾವಿತ್ರಿ." "ಅವಳ್ಗೆ ಬಾಯಿ ಐತಾ!" ಎಂದಳು ಮುದುಕಿ. ಮಗು ಆಕಳಿಸಿ ಮಲಗಿತು. ಅದೂ ಒಂದು ಅಭಿಪ್ರಾಯವೇ.

ದೊಡ್ಡಕ್ಕನ ಆಪರೇಷನ್ ಚೆನ್ನಾಗಿ ಆಯಿತು. ಒಲೆಯ ಬಳಿಗೂ ಬಿಟ್ಟಿದ್ದಾರೆ. ಕಪ್ಪು ಕನ್ನಡಕ ತೆಗೆದ ಮೇಲೆ ನಾಲ್ಕು ಭಾಗಗಳನ್ನೂ ತರಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದಳು. ಆಮೇಲೆ ದಬ್ಬಳ ಗೋಣಿದಾರ ಹಿಡಿದು, ಕಣ್ಣು ಸರಿಹೋಗಿದೆ ಎಂಬುದಕ್ಕೆ ಸಾಕ್ಷಿಯಾಗಿ, ತಾನೇ ಕುಯ್ದದ್ದನ್ನು ತಾನೇ ಹೊಲಿದು ನನಗೆ ಕಳಿಸಿದಳು. ಬರುವ ದಾರಿಯಲ್ಲಿ ಕಂಡಕ್ಟರು ಎರಡು ಟ್ರಿಪ್ ಇಟ್ಟುಕೊಂಡ. ಹೊಲಿಗೆ ನೋಡಿ, ನೂಲು ಹಿಡಿದಂತೆ ನೇರವಾಗಿದೆ. ಯಾರು ಕೊಂದರು ಎಂಬುದನ್ನು ನಾನು ಹೇಳಿಬಿಟ್ಟೆ, ಹೇಗೆ ಎಂಬುದನ್ನು ಹೇಳಿಲ್ಲ, ಆದ್ದರಿಂದ ನೀವು ಓದಲು ಅಡ್ಡಿಯಿಲ್ಲ. ನೀವೂ ನಾಲ್ಕು ಜನ ಇದ್ದೀರಿ, ದಯವಿಟ್ಟು ಚಾಕು ಹುಡುಕಬೇಡಿ.

ಪುಸ್ತಕ ಕೈಗೆ ಬಂದ ದಿನ ಮಧ್ಯಾಹ್ನ ಸಭೆ ಸೇರಿತು. ಎಲ್ಲರೂ ಓದಿ ಮುಗಿಸಿದ ಮೇಲಿನ ಮೊದಲ ಸಭೆ. ಪುಟ್ಟಿ, ಡಾಕ್ಟರಿಗೆ ಶಿಕ್ಷೆ ಆಗಬೇಕಿತ್ತು ಎಂದಳು. ಚಿಕ್ಕಕ್ಕ, ನಾಯಿಯನ್ನು ಸಾಯಿಸಬಾರದಿತ್ತು ಎಂದಳು. ಅಷ್ಟು ಉದ್ದ ಬೇಕಿರಲಿಲ್ಲ ಎಂದು ಇಬ್ಬರೂ ಒಪ್ಪಿದರು.

"ನಿಂಗ್ ಎಂಗಿತ್ತಕ್ಕ ಪುಸ್ತಕ?" ಎಂದು ಪುಟ್ಟಿ ದೊಡ್ಡಕ್ಕನನ್ನು ಕೇಳಿದಳು.

"ಸಾವಿತ್ರಿ ಓದಿದ್ದೇ ಚೆಂದಾಗಿತ್ತು ಕಣಮ್ಮಿ" ಎಂದಳು ದೊಡ್ಡಕ್ಕ. "ಬಾಗ್ಲು ಹಿಂದೆ ನಿಂತಿದ್ದು, ಸಕ್ರೆ ಲೆಕ್ಕ, ಊಟ ಆಯ್ತಾ ಅನ್ನೋದು, ಎಲ್ಲಾನೂ ಹುಡುಕ್ದೆ, ಹಿಂದೆ ಮುಂದೆ ಮಗುಚಿ ಹುಡುಕ್ದೆ. ಒಂದೂ ಇಲ್ಲ. 'ಹೌದು ಸ್ವಾಮಿ' ಅಂತ ಒಂದೇ ಮಾತು ಅಂದು ಜೀಪು ಹತ್ಬುಡ್ತಾಳೆ ಸುಭದ್ರಮ್ಮ. ಏನಮ್ಮಿ ಸಾವಿತ್ರಿ, ಉಳಿದಿದ್ದೆಲ್ಲಾ ಎಲ್ಲಿತ್ತು?"

ನಾನೇನೂ ಹೇಳಲಿಲ್ಲ. ನನ್ನದು ಮಾತು ಕಡಿಮೆ, ನಿಮಗೇ ಗೊತ್ತಲ್ಲ.